ಬಿಳಿ ಮಣ್ಣಿನ ಸರೋವರ: ಮಿನಿಯಾಪೊಲಿಸ್‌ನ ನೀರಿಗೆ ಡಕೋಟಾ ಹೆಸರು ಮರಳಿದ ಬಗೆ

ಅಮೆರಿಕದ ಮಿನೆಸೋಟಾ ರಾಜ್ಯದ ಮಿನಿಯಾಪೊಲಿಸ್ ನಗರದೊಳಗೆ ಇರುವ ಸರೋವರಗಳಲ್ಲೆಲ್ಲ ದೊಡ್ಡದು ಬ್ದೆ ಮಕಾ ಸ್ಕಾ. ಡಕೋಟಾ ಭಾಷೆಯಲ್ಲಿ ‘ಬ್ದೆ’ ಎಂದರೆ ಸರೋವರ, ‘ಮಕಾ’ ಎಂದರೆ ಮಣ್ಣು, ‘ಸ್ಕಾ’ ಎಂದರೆ ಬಿಳಿ. ಸುಮಾರು 400 ಎಕರೆ ಹರವು, 80 ಅಡಿಗೂ ಮೀರಿದ ಆಳ. ಇದು ಏರಿ ಹಾಕಿ ಕಟ್ಟಿಸಿದ ಕೆರೆಯಲ್ಲ. ಹಿಮಯುಗದ ಕೊನೆಯಲ್ಲಿ ಹಿಂದೆ ಸರಿದ ಹಿಮರಾಶಿ ಬಿಟ್ಟುಹೋದ ತಗ್ಗಿನಲ್ಲಿ ನಿಂತ ನೀರು. ಇದರ ಅಕ್ಕಪಕ್ಕದಲ್ಲಿ ಇಂಥವೇ ಇನ್ನೂ ನಾಲ್ಕು ಸರೋವರಗಳಿವೆ. ಬೇಸಿಗೆಯಲ್ಲಿ ಹಾಯಿದೋಣಿ, ಈಜು, ಸೈಕಲ್ಲು, ಚಳಿಗಾಲದಲ್ಲಿ ಗಟ್ಟಿಯಾದ ನೀರಿನ ಮೇಲೆ ನಡಿಗೆ ಎಂದು ನಗರದ ಜನ ವರ್ಷವಿಡೀ ಇಲ್ಲಿಗೆ ಬರುತ್ತಾರೆ. 19ನೆಯ ಶತಮಾನದ ಮೊದಲ ಭಾಗದಿಂದ 2018ರವರೆಗೆ ಸರಕಾರಿ ನಕ್ಷೆಗಳಲ್ಲಿ ಈ ನೀರಿನ ಹೆಸರು ಕ್ಯಾಲ್ಹೂನ್ ಸರೋವರ ಎಂದಿತ್ತು. ಆ ಹೆಸರು ಅಳಿಸಿ ಹಳೆಯದು ಮರಳಿ ಬರಲು ಉದ್ಯಾನ ಮಂಡಳಿ, ಕೌಂಟಿ, ರಾಜ್ಯದ ಇಲಾಖೆ, ಒಕ್ಕೂಟದ ಮಂಡಳಿ, ಎರಡು ನ್ಯಾಯಾಲಯ ಇಷ್ಟನ್ನೂ ದಾಟಬೇಕಾಯಿತು.

ಹೆಸರಿನ ಮೊದಲ ಅಕ್ಷರವೇ ಹಲವರಿಗೆ ತೊಡಕಾಗಿತ್ತು. ಬ ಮತ್ತು ದ ಕೂಡಿದ ಒತ್ತಕ್ಷರ ಇಂಗ್ಲಿಷ್ ನಾಲಗೆಗೆ ಒಗ್ಗದು. ನಡುವೆ ಒಂದು ಸ್ವರ ತುರುಕಿ ‘ಬಿಡೇ’ ಎನ್ನುವುದೇ ಅಲ್ಲಿ ರೂಢಿ. ‘ಶಬ್ದ’ ಎಂಬ ಶಬ್ದವನ್ನೇ ದಿನಕ್ಕೆ ಹತ್ತು ಸಲ ಆಡುವ ಕನ್ನಡಿಗರಿಗೆ ಇದರಲ್ಲಿ ಕಷ್ಟವೇನೂ ಕಾಣದು. ಡಕೋಟಾದಲ್ಲಿಯೇ ಈ ಪದಕ್ಕೆ ಪ್ರಾಂತ್ಯಕ್ಕೊಂದು ರೂಪವಿದೆ. ಪೂರ್ವದ ಮ್ದೆವಕಾಂಟನ್ ಪಂಗಡದವರು ‘ಮ್ದೆ’ ಎನ್ನುತ್ತಿದ್ದರು, ಬೇರೆ ಡಕೋಟಾ ಪಂಗಡಗಳಲ್ಲಿ ‘ಬ್ದೆ’, ಇನ್ನೂ ಪಶ್ಚಿಮದ ಲಕೋಟಾದಲ್ಲಿ ಅದೇ ‘ಬ್ಲೆ’. ಮ್ದೆವಕಾಂಟನ್ ಎಂಬ ಪಂಗಡದ ಹೆಸರೂ ನೀರಿನಿಂದಲೇ ಬಂದದ್ದು. ‘ಮ್ದೆ ವಕಾನ್’ ಎಂದರೆ ಪವಿತ್ರ ಸರೋವರ, ಅದರ ದಡದವರು ಮ್ದೆವಕಾಂಟನ್. ಆ ಸರೋವರ ಇಂದು ನಕ್ಷೆಯಲ್ಲಿ ‘ಮಿಲ್ ಲ್ಯಾಕ್ಸ್’, ಅಂದರೆ ಫ್ರೆಂಚಿನಲ್ಲಿ ‘ಸಾವಿರ ಸರೋವರ’. ಅಲ್ಲಿಂದ ಹೊರಡುವ ಹೊಳೆಯನ್ನೂ ಡಕೋಟಾ ಜನ ‘ವಕಾನ್’ ಎಂದೇ ಕರೆಯುತ್ತಿದ್ದರು. ವಕಾನ್ ಎಂಬುದನ್ನು ಇಂಗ್ಲಿಷಿಗೆ ತಂದವರು ಅದಕ್ಕೆ ಬಳಸಿದ ಪದಕ್ಕೆ ಚೈತನ್ಯ ಎಂಬ ಅರ್ಥವೂ ಇತ್ತು, ಹೆಂಡ ಎಂಬ ಅರ್ಥವೂ ಇತ್ತು. ಯಾರೋ ಎರಡನೆಯದನ್ನು ಹಿಡಿದರು. ಪವಿತ್ರ ಹೊಳೆ ‘ರಮ್ ನದಿ’ಯಾಗಿ ಇಂದಿಗೂ ಹರಿಯುತ್ತಿದೆ.

ಮಿನೆಸೋಟಾದ ನಕ್ಷೆ ಇಂಥ ಹೆಸರುಗಳಿಂದ ತುಂಬಿದೆ. ರಾಜ್ಯದ ಹೆಸರೇ ‘ಮ್ನಿ ಸೋಟಾ’, ಮೋಡ ಕವಿದಂಥ ಬಣ್ಣದ ನೀರು. ಮಿನಿಯಾಪೊಲಿಸ್ ಎಂಬುದನ್ನು 1852ರಲ್ಲಿ ಚಾರ್ಲ್ಸ್ ಹೋಗ್ ಎಂಬ ಶಾಲಾಮಾಸ್ತರರು ಹೊಸೆದರು. ಡಕೋಟಾದ ನೀರಿಗೆ ಗ್ರೀಕಿನ ಊರನ್ನು ಕಟ್ಟಿದ ಪದ ಅದು. ಅದೇ 1852ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಮಿಸಿಸಿಪ್ಪಿಯನ್ನು ಸೇರುವ ದೊಡ್ಡ ಉಪನದಿಯೊಂದನ್ನು ಅದುವರೆಗೆ ಸೇಂಟ್ ಪೀಟರ್ಸ್ ನದಿ ಎನ್ನುತ್ತಿದ್ದರು. ನದಿಗೆ ಮೂಲನಿವಾಸಿಗಳ ಹೆಸರೇ ಇರಲಿ ಎಂದು ಆ ಪ್ರಾಂತ್ಯದ ಶಾಸನಸಭೆ ಕೇಳಿಕೊಂಡಿತು, ವಾಷಿಂಗ್ಟನ್‌ನ ಕಾಂಗ್ರೆಸ್ ಒಪ್ಪಿತು. ಜೂನ್ 19ರಿಂದ ಅದು ಮಿನೆಸೋಟಾ ನದಿ. ಹೊಳೆಯೊಂದಕ್ಕೆ ಮೂಲನಿವಾಸಿಗಳ ಹೆಸರು ಮರಳಿಸಿದ ಈ ಪ್ರಸಂಗಕ್ಕೆ ಹಿನ್ನೆಲೆಯೊಂದಿದೆ. ಅದರ ಹಿಂದಿನ ವರ್ಷವೇ, 1851ರಲ್ಲಿ, ಟ್ರಾವರ್ಸ್ ಡಿ ಸೂ ಮತ್ತು ಮೆಂಡೋಟಾ ಎಂಬ ಎರಡು ಕಡೆ ನಡೆದ ಒಪ್ಪಂದಗಳಲ್ಲಿ ಡಕೋಟಾ ಜನರಿಂದ 2 ಕೋಟಿ ಎಕರೆಗೂ ಹೆಚ್ಚು ನೆಲವನ್ನು ಬರೆಸಿಕೊಳ್ಳಲಾಗಿತ್ತು. ಹೆಸರು ನದಿಗೆ ಬರುವ ಹೊತ್ತಿಗೆ ಆ ಹೆಸರಿಟ್ಟವರು ಅದರ ಮೇಲ್ಭಾಗದ ಎರಡು ಕಿರಿದಾದ ಪಟ್ಟಿಗಳಿಗೆ ಸರಿಯಬೇಕಾಗಿತ್ತು. ವಲಸಿಗರಿಗೆ ಡಕೋಟಾ ಹೆಸರುಗಳ ಮೇಲೆ ಎಂದೂ ಮುನಿಸಿರಲಿಲ್ಲ. ಇಂಪಾಗಿದ್ದರೆ ತಾವೇ ಆರಿಸಿ ಇಟ್ಟುಕೊಳ್ಳುತ್ತಿದ್ದರು. ಬ್ದೆ ಮಕಾ ಸ್ಕಾ ವಿಷಯದಲ್ಲಿ ಆರಿಸಿದವರು ಬೇರೆ, ಕೇಳಿದವರೂ ಬೇರೆ.

ಸರೋವರದ ಸುತ್ತಲಿನ ನೆಲದ ಕಾಗದಪತ್ರ 1805ರಿಂದ ಶುರುವಾಗುತ್ತದೆ. ಆ ಸೆಪ್ಟೆಂಬರಿನಲ್ಲಿ ಜೆಬುಲನ್ ಪೈಕ್ ಎಂಬ ಯುವ ಸೇನಾಧಿಕಾರಿ ಮಿಸಿಸಿಪ್ಪಿ ಮತ್ತು ಮಿನೆಸೋಟಾ ನದಿಗಳ ಸಂಗಮದಲ್ಲಿ ಇಬ್ಬರು ಡಕೋಟಾ ನಾಯಕರಿಂದ ಒಪ್ಪಂದಕ್ಕೆ ರುಜು ಹಾಕಿಸಿಕೊಂಡ. ಸಂಗಮದಿಂದ ಮೇಲಿನ ಜಲಪಾತದವರೆಗೆ, ನದಿಯ ಎರಡೂ ಬದಿಗೆ ಒಂಬತ್ತು ಮೈಲಿ ಸೇನೆಗೆ. ಬೆಲೆಯ ಜಾಗವನ್ನು ಖಾಲಿ ಬಿಡಲಾಗಿತ್ತು. ಆ ನೆಲ 2 ಲಕ್ಷ ಡಾಲರ್ ಬಾಳುತ್ತದೆ ಎಂದು ಪೈಕ್‌ನೇ ಅಂದಾಜು ಮಾಡಿದ್ದ. ಮೂರು ವರ್ಷ ಕಳೆದ ಮೇಲೆ ಸೆನೆಟ್ ಆ ಖಾಲಿ ಜಾಗದಲ್ಲಿ 2,000 ಎಂದು ತುಂಬಿತು. ಸೇನೆ ಕೋಟೆ ಕಟ್ಟಲು ಬಂದದ್ದು 1819ರಲ್ಲಿ. ಮುಂದೆ ಫೋರ್ಟ್ ಸ್ನೆಲಿಂಗ್ ಎಂದು ಹೆಸರಾದ ಆ ಕೋಟೆ ಸಂಗಮದ ದಿಬ್ಬದ ಮೇಲೆಯೇ ಎದ್ದಿತು. ಡಕೋಟಾ ಜನರಿಗೆ ಆ ಸಂಗಮ ‘ಬ್ದೋಟೆ’. ತಮ್ಮ ಕುಲ ಹುಟ್ಟಿದ ಜಾಗವೆಂದು ಅವರಲ್ಲಿ ಹಲವರು ನಂಬುವ ಪುಣ್ಯಸ್ಥಳ.

ಆಗ ಅಮೆರಿಕದ ಯುದ್ಧ ಕಾರ್ಯದರ್ಶಿ ದಕ್ಷಿಣ ಕ್ಯಾರೊಲಿನಾದ ಜಾನ್ ಸಿ. ಕ್ಯಾಲ್ಹೂನ್. 1817ರಿಂದ 1825ರವರೆಗೆ ಆ ಹುದ್ದೆಯಲ್ಲಿದ್ದವನು. ಮಿಸಿಸಿಪ್ಪಿಯ ಮೇಲ್ಭಾಗಕ್ಕೆ ಸೇನೆ ಕಳಿಸಿದ್ದು, ಕೋಟೆಗೆ ಮಂಜೂರಾತಿ ಕೊಟ್ಟದ್ದು ಅವನ ಇಲಾಖೆ. ಮೇಲಧಿಕಾರಿಯ ಹೆಸರನ್ನು ಹತ್ತಿರದ ನೀರಿಗೆ ಅಂಟಿಸುವುದು ಗಡಿಕೋಟೆಗಳ ಸಾಮಾನ್ಯ ಚಾಳಿ. ಕೋಟೆಯ ಮೊದಲ ದಂಡನಾಯಕ ಹೆನ್ರಿ ಲೆವನ್‌ವರ್ತ್‌ನ ಹೆಂಡತಿ ಹ್ಯಾರಿಯೆಟ್‌ಳ ಹೆಸರು ಪಕ್ಕದ ಸರೋವರಕ್ಕೆ ಹೋಯಿತು, ದೊಡ್ಡದು ಕಾರ್ಯದರ್ಶಿಗೆ. 1839ರ ಸೇನಾ ನಕ್ಷೆಯಲ್ಲಿ ಕ್ಯಾಲ್ಹೂನ್ ಎಂಬುದು ಅಚ್ಚಾಗಿ ನಿಂತಿತ್ತು.

ಕ್ಯಾಲ್ಹೂನ್ ಮುಂದೆ ಇಬ್ಬರು ಅಧ್ಯಕ್ಷರ ಕೆಳಗೆ ಉಪಾಧ್ಯಕ್ಷನಾದ, ಸೆನೆಟರ್ ಆದ, 1850ರಲ್ಲಿ ತೀರಿಕೊಂಡ. 1837ರ ಫೆಬ್ರವರಿಯಲ್ಲಿ ಸೆನೆಟ್‌ನಲ್ಲಿ ಎದ್ದುನಿಂತು, ಗುಲಾಮಗಿರಿ ಅನಿವಾರ್ಯ ಕೇಡಲ್ಲ, ಅದೊಂದು ಒಳಿತೇ ಎಂದು ವಾದಿಸಿದ ಭಾಷಣಕ್ಕೆ ಅವನು ಹೆಚ್ಚು ಪ್ರಸಿದ್ಧ. ಸರೋವರದ ಮಟ್ಟಿಗೆ ಅವನ ಇನ್ನೊಂದು ಕೆಲಸ ಇನ್ನೂ ಹತ್ತಿರದ್ದು. 1824ರಲ್ಲಿ ಮೂಲನಿವಾಸಿಗಳ ವ್ಯವಹಾರ ನೋಡಿಕೊಳ್ಳುವ ಕಚೇರಿಯನ್ನು ಯುದ್ಧ ಇಲಾಖೆಯೊಳಗೆ ತೆರೆದವನು ಅವನೇ. ಮರುವರ್ಷದ ಜನವರಿಯಲ್ಲಿ ಅಧ್ಯಕ್ಷ ಮನ್ರೋ ಕಾಂಗ್ರೆಸ್ಸಿನ ಮುಂದಿಟ್ಟ ಯೋಜನೆಗೆ, ಅಂದರೆ ಪೂರ್ವದ ಬುಡಕಟ್ಟುಗಳನ್ನು ಮಿಸಿಸಿಪ್ಪಿಯ ಆಚೆಗೆ ಸಾಗಹಾಕುವ ಯೋಜನೆಗೆ, ಆಧಾರವಾದದ್ದೂ ಅವನ ವರದಿಯೇ.

ನಕ್ಷೆಯಲ್ಲಿ ಕ್ಯಾಲ್ಹೂನ್ ಬರೆಯುತ್ತಿದ್ದ ಆ ವರ್ಷಗಳಲ್ಲಿಯೇ ಸರೋವರದ ಆಗ್ನೇಯ ದಡದಲ್ಲಿ ಡಕೋಟಾ ಹಳ್ಳಿಯೊಂದು ಹುಟ್ಟಿ, ಬೆಳೆದು, ಖಾಲಿಯಾಯಿತು. ಕಥೆ ಶುರುವಾಗುವುದು ಒಂದು ಹಿಮದ ಬಿರುಗಾಳಿಯಿಂದ. 1828-29ರ ಆಸುಪಾಸಿನ ಚಳಿಗಾಲದಲ್ಲಿ ಪಶ್ಚಿಮದ ಬಯಲಿಗೆ ಬೇಟೆಗೆ ಹೋಗಿದ್ದ ಗುಂಪೊಂದು ಹಿಮದಡಿ ಸಿಕ್ಕಿಕೊಂಡಿತು. ದಿನಗಟ್ಟಲೆ ಅನ್ನವಿಲ್ಲ. ಆ ಗುಂಪಿನಲ್ಲಿದ್ದ ಮಹ್ಪಿಯಾ ವಿಚಾಷ್ಟಾ, ಹೆಸರಿನ ಅರ್ಥ ಮುಗಿಲ ಮನುಷ್ಯ, ಬದುಕಿ ಬಂದರೆ ಬೇಸಾಯ ಮಾಡಿ ನೋಡುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡನಂತೆ. ಕೋಟೆಯ ಬಳಿಯಿದ್ದ ಸರಕಾರಿ ಏಜೆಂಟ್ ಲಾರೆನ್ಸ್ ಟ್ಯಾಲಿಯಾಫೆರೊ (ಅವರ ಮನೆತನದವರು ಇದನ್ನು ‘ಟಾಲಿವರ್’ ಎಂದು ಉಚ್ಚರಿಸುತ್ತಿದ್ದರು, ಕಷ್ಟದ ಹೆಸರುಗಳು ಡಕೋಟಾದಲ್ಲಿ ಮಾತ್ರ ಇರಲಿಲ್ಲ) ನೇಗಿಲು, ಬೀಜ ಒದಗಿಸಲು ಕಾದಿದ್ದ. 1829ರಲ್ಲಿ ಹಳ್ಳಿ ಎದ್ದಿತು. ಡಕೋಟಾ ಜನ ಅದನ್ನು ‘ಹೆಯಾತಾ ಒತುನ್ವೆ’ ಎಂದರು, ಬದಿಯ ಹಳ್ಳಿ ಎಂಬಂತೆ. ಏಜೆಂಟ್ ತನ್ನ ದಫ್ತರದಲ್ಲಿ ಅದಕ್ಕೆ ಅಂದಿನ ಯುದ್ಧ ಕಾರ್ಯದರ್ಶಿ ಜಾನ್ ಈಟನ್‌ನ ನೆನಪಿಗೆ ‘ಈಟನ್‌ವಿಲ್’ ಎಂದು ಹೆಸರಿಟ್ಟ. ಮುಸುಕಿನ ಜೋಳ, ಕುಂಬಳ, ಅವರೆಜಾತಿಯ ಕಾಳು, ಆಲೂಗಡ್ಡೆ ಬೆಳೆದವು. ಬೆರಳೆಣಿಕೆಯ ಜನರಿಂದ ಶುರುವಾದ ಹಳ್ಳಿ ಕೆಲವೇ ವರ್ಷದಲ್ಲಿ ನೂರು ದಾಟಿತು.

1834ರಲ್ಲಿ ಅಲ್ಲಿಗೆ ಇಬ್ಬರು ಅಣ್ಣತಮ್ಮಂದಿರು ಬಂದರು. ಕನೆಟಿಕಟ್‌ನ ಸ್ಯಾಮ್ಯುಯೆಲ್ ಮತ್ತು ಗಿಡಿಯನ್ ಪಾಂಡ್, ಯಾವ ಮಿಷನ್ನೂ ಕಳಿಸದೆ ತಾವಾಗಿ ಹೊರಟು ಬಂದ ಕ್ರೈಸ್ತ ಪ್ರಚಾರಕರು. ಹಾದಿಯಲ್ಲಿ ಪ್ರೇರಿ ಡು ಶೀನ್ ಎಂಬ ನದಿದಂಡೆಯ ಊರಿನಲ್ಲಿ ಸ್ಯಾಮ್ಯುಯೆಲ್ ಒಂದು ವಾಕ್ಯ ಕಲಿತಿದ್ದ: ಇದಕ್ಕೆ ಏನೆನ್ನುತ್ತೀರಿ? ಕಬ್ಬಿಣದ ರಾಶಿಯ ಬಳಿ ನಿಂತಿದ್ದ ಡಕೋಟಾ ಮನುಷ್ಯನೊಬ್ಬನನ್ನು ಕಂಡು ಕಬ್ಬಿಣ ತೋರಿಸಿ ಕೇಳಿದ. ‘ಮಜಾ’ ಎಂದ ಅವನು. ಒಂದಿಷ್ಟು ನೀರು ಎತ್ತಿ ತೋರಿಸಿದ. ‘ಮಿನಿ’. ಮರಳು ತೋರಿಸಿದ. ‘ವೆಯಾಕಾ’. ಹೀಗೆ ಮೂರು ಪದಗಳಿಂದ ಶುರುವಾದ ಕಲಿಕೆ ಮುಂದೆ ಒಂದು ಲಿಪಿಯಾಯಿತು. ಸರೋವರದ ಪೂರ್ವದಡದ ದಿಬ್ಬದ ಮೇಲೆ ತಾವೇ ಮರ ಕಡಿದು ಕಟ್ಟಿಕೊಂಡ ಗುಡಿಸಲಿನಲ್ಲಿ ಆ ಇಬ್ಬರು, ಹಳ್ಳಿಯವರ ಬಾಯಿಂದ ಕೇಳಿ ಕೇಳಿ, ಡಕೋಟಾ ಧ್ವನಿಗಳಿಗೆ ಒಂದೊಂದೇ ಅಕ್ಷರ ಗೊತ್ತು ಮಾಡಿದರು. ಅವರು ಕೂಡಿಹಾಕಿದ ಪದರಾಶಿ ಸ್ಟೀಫನ್ ರಿಗ್ಸ್ ಸಂಪಾದಿಸಿದ ನಿಘಂಟಿಗೆ ಸೇರಿ 1852ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯಿಂದ ಅಚ್ಚಾಯಿತು. ಸರೋವರದ ಡಕೋಟಾ ಹೆಸರು ಕಾಗದದ ಮೇಲೆ ಉಳಿಯುವುದರಲ್ಲಿ ಈ ಅಣ್ಣತಮ್ಮಂದಿರ ಪಾಲಿದೆ. ಡಕೋಟಾ ಜನರ ನಂಬಿಕೆಗಳನ್ನು ಬದಲಿಸಲೆಂದೇ ಬಂದವರು ಅವರ ಮಾತನ್ನು ಮುಂದಿನವರಿಗೆ ದಾಟಿಸಿದರು. ಗುಡಿಸಲಿದ್ದ ದಿಬ್ಬದ ಮೇಲೆ ಈಗ ಹೊಂಬಣ್ಣದ ಗುಮ್ಮಟದ ಗ್ರೀಕ್ ಚರ್ಚ್ ಇದೆ.

ಹಳ್ಳಿ ಹತ್ತು ವರ್ಷ ಬಾಳಿತು. 1839ರ ಬೇಸಿಗೆಯಲ್ಲಿ ಹ್ಯಾರಿಯೆಟ್ ಸರೋವರದ ಬಳಿ ಡಕೋಟಾ ಬೇಟೆಗಾರನೊಬ್ಬನನ್ನು ಒಜಿಬ್ವೆ ಜನಾಂಗದವರು ಕೊಂದರು. ಡಕೋಟಾ ಯೋಧರು ರಮ್ ನದಿಯವರೆಗೆ ಬೆನ್ನಟ್ಟಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಜನರನ್ನು ಕೊಂದು ಮರಳಿದರು. ತಿರುಗೇಟು ಬಂದೇ ಬರುತ್ತದೆಂದು ಹೆದರಿದ ಮುಗಿಲ ಮನುಷ್ಯನ ಜನ ಸರೋವರ ಬಿಟ್ಟು ದಕ್ಷಿಣಕ್ಕೆ, ಮಿನೆಸೋಟಾ ನದಿಯ ದಂಡೆಗೆ ಹೋದರು. ಹೊಲಗಳಿದ್ದ ಜಾಗದಲ್ಲಿ 1870ರ ದಶಕದಲ್ಲಿ ಲೇಕ್‌ವುಡ್ ಸ್ಮಶಾನ ಹರಡಿಕೊಂಡಿತು.

1862ರ ಆಗಸ್ಟ್‌ನಲ್ಲಿ, ಒಪ್ಪಂದದ ಹಣ ತಡವಾಗಿ ಹಸಿವು ಹೆಚ್ಚಿದಾಗ, ಡಕೋಟಾ ಯೋಧರ ಒಂದು ಭಾಗ ವಲಸಿಗರ ಮೇಲೆ ಎರಗಿತು. ಆರು ವಾರದ ಯುದ್ಧದಲ್ಲಿ ನೂರಾರು ವಲಸಿಗರು ಸತ್ತರು. ಸೇನಾ ಆಯೋಗ ಚುಟುಕು ವಿಚಾರಣೆ ನಡೆಸಿ 303 ಡಕೋಟಾ ಗಂಡಸರಿಗೆ ಮರಣದಂಡನೆ ವಿಧಿಸಿತು. ಅಧ್ಯಕ್ಷ ಲಿಂಕನ್ ಹೆಚ್ಚಿನವನ್ನು ತಡೆದರೂ ಡಿಸೆಂಬರ್ 26ರಂದು ಮ್ಯಾಂಕೇಟೊ ಊರಿನಲ್ಲಿ 38 ಮಂದಿಯನ್ನು ಒಂದೇ ಹೊತ್ತಿಗೆ ಗಲ್ಲಿಗೆ ಹಾಕಲಾಯಿತು. ಯುದ್ಧದಲ್ಲಿ ಕೈಯಾಡಿಸದ ಹೆಂಗಸರು, ಮಕ್ಕಳು, ಮುದುಕರು ಸೇರಿ ಸುಮಾರು 1,600 ಜನರನ್ನು ಫೋರ್ಟ್ ಸ್ನೆಲಿಂಗ್‌ನ ಕೆಳಗಿನ ತಗ್ಗಿನಲ್ಲಿ ಬೇಲಿಯೊಳಗೆ ಚಳಿಗಾಲವಿಡೀ ಕೂಡಿಡಲಾಯಿತು. ನೂರಕ್ಕೂ ಹೆಚ್ಚು ಜನ ಅಲ್ಲೇ ಸತ್ತರು. ಆ ತಗ್ಗು ಬ್ದೋಟೆಯ ನೆಲವೇ. 1863ರಲ್ಲಿ ಕಾಂಗ್ರೆಸ್ ಡಕೋಟಾ ಒಪ್ಪಂದಗಳನ್ನೆಲ್ಲ ರದ್ದು ಮಾಡಿತು, ಜನರನ್ನು ಉಗಿದೋಣಿಗಳಲ್ಲಿ ತುಂಬಿ ಮಿಸೂರಿ ನದಿಯ ಬರಡು ದಂಡೆಗೆ ಸಾಗಿಸಲಾಯಿತು. ಕೆಲವು ಕುಟುಂಬಗಳು ಆಮೇಲೆ ಈಗಿನ ದಕ್ಷಿಣ ಡಕೋಟಾ ರಾಜ್ಯದ ಫ್ಲಾಂಡ್ರೂ ಎಂಬಲ್ಲಿ ನೆಲೆ ನಿಂತವು. ಅವರಲ್ಲಿ ಮುಗಿಲ ಮನುಷ್ಯನ ವಂಶದವರೂ ಇದ್ದರು. ವೈದ್ಯ, ಲೇಖಕ ಚಾರ್ಲ್ಸ್ ಈಸ್ಟ್‌ಮನ್, ಡಕೋಟಾ ಹೆಸರು ಒಹಿಯೆಸಾ, ಅವನ ಮರಿಮಗ.

ಜನ ಹೋದ ಮೇಲೆ ನಗರ ಸರೋವರಕ್ಕೆ ಬಂತು. 1883ರಲ್ಲಿ ಸ್ಥಾಪನೆಯಾದ ಮಿನಿಯಾಪೊಲಿಸ್ ಉದ್ಯಾನ ಮಂಡಳಿ ದಡಗಳನ್ನು ಕೊಂಡು, ಹೂಳೆತ್ತಿ, ಜೌಗು ತುಂಬಿ, ಸುತ್ತ ರಸ್ತೆ ಹಾಕಿತು. 1911ರಲ್ಲಿ ಪಕ್ಕದ ಐಲ್ಸ್ ಸರೋವರಕ್ಕೂ ಇದಕ್ಕೂ ನಡುವೆ ಕಾಲುವೆ ತೋಡಿದಾಗ ಇಡೀ ನಗರ ಹಬ್ಬ ಮಾಡಿತು. ಇದೇ ಕಾಲದಲ್ಲಿ ನಗರದ ಇನ್ನೊಂದು ಮಗ್ಗುಲಲ್ಲಿ ‘ಇಂಡಿಯನ್’ ಹೆಸರುಗಳು ಸಲೀಸಾಗಿ ಬಂದವು. ಅಮೀಲಿಯಾ ಸರೋವರ 1910ರಲ್ಲಿ ನೊಕೋಮಿಸ್ ಆಯಿತು, ರೈಸ್ ಸರೋವರ 1925ರಲ್ಲಿ ಹಯವಾತಾ. ಎರಡೂ ಲಾಂಗ್‌ಫೆಲೋನ 1855ರ ದೀರ್ಘಕಾವ್ಯದ ಪಾತ್ರಗಳು. ಹಯವಾತಾ ಎಂಬುದು ಬಹುದೂರದ ಇರಕ್ವಾ ಜನಾಂಗದ ನಾಯಕನ ಹೆಸರು, ಕಾವ್ಯದ ಕಥೆಗಳು ಒಜಿಬ್ವೆಗಳವು, ನೊಕೋಮಿಸ್ ಎಂದರೆ ಒಜಿಬ್ವೆ ಭಾಷೆಯಲ್ಲಿ ಅಜ್ಜಿ, ನೆಲವೋ ಡಕೋಟಾ ಜನರದ್ದು. ಯಾರೂ ಆಕ್ಷೇಪಿಸಲಿಲ್ಲ. ಆಕ್ಷೇಪಿಸಬಹುದಾಗಿದ್ದವರು ಅಲ್ಲಿರಲಿಲ್ಲ.

ಹೆಸರು ಬದಲಿಸುವ ಕಾನೂನೂ ಈ ಹೊತ್ತಿಗೇ ರೂಪುಗೊಂಡಿತು. ದೇಶದ ಮಟ್ಟದಲ್ಲಿ 1890ರಿಂದ ಭೌಗೋಳಿಕ ನಾಮಗಳ ಮಂಡಳಿಯೊಂದಿದೆ. ಒಕ್ಕೂಟದ ನಕ್ಷೆಯಲ್ಲಿ ಏನು ಅಚ್ಚಾಗಬೇಕೆಂದು ತೀರ್ಮಾನಿಸುವುದು ಅದೇ. ಮಿನೆಸೋಟಾದ 1925ರ ಕಾನೂನಿನ ಪ್ರಕಾರ ಮತದಾರರು ಅರ್ಜಿ ಕೊಡಬೇಕು, ಕೌಂಟಿ ಮಂಡಳಿ ಬಹಿರಂಗ ವಿಚಾರಣೆ ನಡೆಸಿ ನಿರ್ಣಯಿಸಬೇಕು, ರಾಜ್ಯದ ಅಧಿಕಾರಿ ಮೊಹರು ಒತ್ತಬೇಕು. ಆದರೆ ಅದರಲ್ಲಿ ಒಂದು ಕೊಕ್ಕೆಯಿತ್ತು. 40 ವರ್ಷದಿಂದ ಇರುವ ಹೆಸರನ್ನು ಈ ವಿಧಾನದಲ್ಲಿ ಬದಲಿಸುವಂತಿಲ್ಲ. ಈ ಒಂದು ಸಾಲು ಸುಮಾರು ಒಂದು ಶತಮಾನ ಸುಮ್ಮನಿದ್ದು ಕೊನೆಗೆ ರಾಜ್ಯದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು.

ಮೂಲನಿವಾಸಿಗಳೇ ಕೇಳಿ ಹೆಸರು ಬದಲಿಸಿದ ದೊಡ್ಡ ಪ್ರಸಂಗ ಮಿನೆಸೋಟಾದಲ್ಲಿ 1995ರದ್ದು. ಮೂಲನಿವಾಸಿ ಹೆಂಗಸರನ್ನು ಹೀನಾಯವಾಗಿ ಸೂಚಿಸುವ ‘ಸ್ಕ್ವಾ’ ಎಂಬ ಪದ ರಾಜ್ಯದ ಹಲವು ತೊರೆ, ಸರೋವರಗಳ ಹೆಸರಿನಲ್ಲಿತ್ತು. ಉತ್ತರದ ಒಂದು ಪ್ರೌಢಶಾಲೆಯ ಇಬ್ಬರು ವಿದ್ಯಾರ್ಥಿನಿಯರು ಹಿಡಿದ ಪಟ್ಟಿನಿಂದ ಆ ಪದವನ್ನು ತೆಗೆಯುವ ಕಾನೂನು ಬಂತು. ಅಂಥ ಕಾನೂನು ಮಾಡಿದ ಮೊದಲ ರಾಜ್ಯ ಮಿನೆಸೋಟಾ. ಒಂದು ಕೌಂಟಿ ಮಾತ್ರ ಸಿಟ್ಟಿಗೆದ್ದು, ತನ್ನ ತೊರೆಗೂ ಕೊಲ್ಲಿಗೂ ‘ರಾಜಕೀಯವಾಗಿ ಸರಿಯಾದ ತೊರೆ’, ‘ರಾಜಕೀಯವಾಗಿ ಸರಿಯಾದ ಕೊಲ್ಲಿ’ ಎಂದೇ ಹೆಸರಿಡಿ ಎಂದು ಬರೆದು ಕಳಿಸಿತು. ರಾಜ್ಯ ಒಪ್ಪಲಿಲ್ಲ. ಇದೇ ಪದವನ್ನು ಒಕ್ಕೂಟ ಸರಕಾರ ತನ್ನ ನಕ್ಷೆಗಳಿಂದ ತೆಗೆದದ್ದು 2022ರಲ್ಲಿ. ಅಲ್ಲಿ ಅಂಥ ಹೆಸರುಗಳು 650ರ ಹತ್ತಿರ ಇದ್ದವು.

ಕ್ಯಾಲ್ಹೂನ್ ಸರೋವರದ ಪ್ರಶ್ನೆ 2011ರಲ್ಲಿ ಉದ್ಯಾನ ಮಂಡಳಿಯ ಮುಂದೆ ಬಂತು. ಹೆಸರು ಬದಲಿಸುವ ಅಧಿಕಾರ ಮಂಡಳಿಗಿಲ್ಲ ಎಂದು ವಕೀಲರು ಹೇಳಿದರು, ಕಡತ ಮುಚ್ಚಿತು. ಮತ್ತೆ ತೆರೆಸಿದ್ದು ಬಲುದೂರದ ಒಂದು ಕೊಲೆ. 2015ರ ಜೂನ್ 17ರ ರಾತ್ರಿ ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್‌ನ ಇಮ್ಯಾನ್ಯುಯೆಲ್ ಚರ್ಚಿನಲ್ಲಿ ಬೈಬಲ್ ಓದಲು ಕೂತಿದ್ದ ಒಂಬತ್ತು ಕಪ್ಪು ಜನರನ್ನು ಬಿಳಿಯ ಯುವಕನೊಬ್ಬ ಗುಂಡಿಟ್ಟು ಕೊಂದ. ಆ ಚರ್ಚ್ ಇರುವುದು ಕ್ಯಾಲ್ಹೂನ್ ಬೀದಿಯಲ್ಲಿ. ದೇಶದುದ್ದಕ್ಕೂ ಗುಲಾಮಗಿರಿಯ ಸಮರ್ಥಕರ ಪ್ರತಿಮೆ, ಹೆಸರುಗಳ ಲೆಕ್ಕ ತೆಗೆಯುವ ಕೆಲಸ ಶುರುವಾಯಿತು. ಯೇಲ್ ವಿಶ್ವವಿದ್ಯಾಲಯದ ಕ್ಯಾಲ್ಹೂನ್ ಕಾಲೇಜಿನ ಹೆಸರು 2017ರಲ್ಲಿ ಹೋದದ್ದು ಈ ಅಲೆಯಲ್ಲಿಯೇ.

ಮಿನಿಯಾಪೊಲಿಸ್‌ನಲ್ಲಿಯೂ ಮೊದಲ ಅರ್ಜಿಗಳ ಮಾತು ಕ್ಯಾಲ್ಹೂನ್‌ನದ್ದೇ: ಅವನ ಹೆಸರು ಬೇಡ. ಅವನ ಬದಲು ಯಾವ ಹೆಸರು ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟವರು ಮುಗಿಲ ಮನುಷ್ಯನ ವಂಶದವರು. ಫ್ಲಾಂಡ್ರೂ ಡಕೋಟಾ ಸಮುದಾಯದ ಅವಳಿ ಸೋದರಿಯರು, ಇತಿಹಾಸಕಾರ್ತಿ ಕೇಟ್ ಬೀನ್ ಮತ್ತು ವಕೀಲೆ ಕಾರ್ಲಿ ಬ್ಯಾಡ್ ಹಾರ್ಟ್ ಬುಲ್, ತಮ್ಮ ತಂದೆ ಸಿಡ್ ಬೀನ್ ಜೊತೆ ಸಭೆಯಿಂದ ಸಭೆಗೆ ಹೋಗಿ ಹೇಳಿದ್ದು ಒಂದೇ: ಹೊಸ ಹೆಸರು ಹುಡುಕುವ ಅಗತ್ಯವಿಲ್ಲ, ಈ ನೀರಿಗೆ ಹೆಸರಿದೆ. ಈ ಮಾತಿನಿಂದ ವಾದದ ಮಗ್ಗುಲೇ ಬದಲಾಯಿತು. ಕ್ಯಾಲ್ಹೂನ್ ಒಳ್ಳೆಯವನೋ ಕೆಟ್ಟವನೋ ಎಂಬ ಜಗಳಕ್ಕೆ ಕೊನೆಯಿಲ್ಲ. ಆ ದಡದಲ್ಲಿ 1829ರಲ್ಲಿ ಹಳ್ಳಿಯಿತ್ತು, ಅದರ ಮರಿಮಕ್ಕಳು ಈಗ ಎದುರಿಗೇ ನಿಂತಿದ್ದಾರೆ ಎಂಬುದನ್ನು ಅಲ್ಲಗಳೆಯಲು ಯಾರಿಗೂ ಆಗುತ್ತಿರಲಿಲ್ಲ.

2015ರ ಶರತ್ಕಾಲದಲ್ಲಿ ಉದ್ಯಾನ ಮಂಡಳಿ ತನ್ನ ಕೈಲಾದದ್ದನ್ನು ಮಾಡಿತು. ಫಲಕಗಳಲ್ಲಿ ಕ್ಯಾಲ್ಹೂನ್ ಎಂಬುದರ ಕೆಳಗೆ ಬ್ದೆ ಮಕಾ ಸ್ಕಾ ಎಂದು ಬರೆಸಿತು. 2017ರ ಮೇ ತಿಂಗಳಲ್ಲಿ ಹಳೆಯ ಹೆಸರನ್ನೇ ಅಧಿಕೃತ ಮಾಡಬೇಕೆಂದು ಒಮ್ಮತದಿಂದ ಶಿಫಾರಸು ಮಾಡಿತು. ನವೆಂಬರ್ 28ರಂದು, ನಗರವಿರುವ ಹೆನೆಪಿನ್ ಕೌಂಟಿಯ ಮಂಡಳಿಯಲ್ಲಿ ಮತಕ್ಕೆ ಹಾಕಿದಾಗ ಪರವಾಗಿ ನಾಲ್ಕು, ವಿರುದ್ಧ ಮೂರು. 2018ರ ಜನವರಿ 18ರಂದು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಆಯುಕ್ತ ಟಾಮ್ ಲ್ಯಾಂಡ್‌ವೆಯರ್ ಆದೇಶಕ್ಕೆ ಸಹಿ ಹಾಕಿದರು. ಆ ವರ್ಷದ ಮಧ್ಯದಲ್ಲಿ ಒಕ್ಕೂಟದ ನಾಮಮಂಡಳಿಯೂ ಒಪ್ಪಿತು.

ಸರೋವರದ ಸುತ್ತಲಿನ ನಿವಾಸಿಗಳಲ್ಲಿ ಒಂದು ಗುಂಪು ಒಪ್ಪಲಿಲ್ಲ. ಬಾಲ್ಯದಿಂದ ಕರೆದ ಹೆಸರು, ವಿಳಾಸಗಳ ಗೊಂದಲ, ಉಚ್ಚಾರದ ಕಷ್ಟ, ಜನರನ್ನು ಕೇಳದೆ ಮಾಡಿದರು ಎಂಬ ಅಸಮಾಧಾನ, ಇತಿಹಾಸ ಅಳಿಸುತ್ತಿದ್ದಾರೆ ಎಂಬ ದೂರು, ಎಲ್ಲವೂ ಅವರ ಮಾತಿನಲ್ಲಿದ್ದವು. ಕೊನೆಯ ದೂರು ತುಸು ವಿಚಿತ್ರ, ಏಕೆಂದರೆ ಕ್ಯಾಲ್ಹೂನ್ ಯಾರೆಂಬುದು ಆ ದಡದಲ್ಲಿ ಓಡಾಡುತ್ತಿದ್ದ ಬಹಳ ಮಂದಿಗೆ ಗೊತ್ತಾದದ್ದೇ ಹೆಸರು ಬದಲಿಸುವ ಮಾತು ಎದ್ದ ಮೇಲೆ. ಗುಂಪು ‘ಸೇವ್ ಲೇಕ್ ಕ್ಯಾಲ್ಹೂನ್’ ಎಂಬ ಸಂಘವಾಗಿ ನ್ಯಾಯಾಲಯಕ್ಕೆ ಹೋಯಿತು. ಅದರ ವಾದ ಆ 40 ವರ್ಷದ ಸಾಲಿನ ಮೇಲೆ ನಿಂತಿತ್ತು: 40 ದಾಟಿದ ಹೆಸರನ್ನು ಬದಲಿಸುವ ಅಧಿಕಾರ ಆಯುಕ್ತರಿಗಿಲ್ಲ, ಶಾಸನಸಭೆಗೆ ಮಾತ್ರ. 2019ರ ಏಪ್ರಿಲ್ 29ರಂದು ರಾಜ್ಯದ ಮೇಲ್ಮನವಿ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು.

ಫಲವಾಗಿ ಒಂದು ವರ್ಷ ಸರೋವರಕ್ಕೆ ಎರಡು ಅಧಿಕೃತ ಹೆಸರು. ವಾಷಿಂಗ್ಟನ್‌ನ ಲೆಕ್ಕದಲ್ಲಿ ಬ್ದೆ ಮಕಾ ಸ್ಕಾ, ರಾಜ್ಯದ ಲೆಕ್ಕದಲ್ಲಿ ಕ್ಯಾಲ್ಹೂನ್. ಉದ್ಯಾನ ಮಂಡಳಿ ತನ್ನ ಫಲಕ ತೆಗೆಯಲಿಲ್ಲ. ಬದಲಿಗೆ ಅದೇ ಆಗಸ್ಟ್‌ನಲ್ಲಿ, ತನ್ನ ಅಧೀನದಲ್ಲಿರುವ ದಡದ ರಸ್ತೆಗಳಿಗೂ ಬ್ದೆ ಮಕಾ ಸ್ಕಾ ಎಂದೇ ಹೆಸರಿಟ್ಟಿತು. ಸರೋವರದ ಹೆಸರು ಯಾರ ಕೈಯಲ್ಲಿದ್ದರೂ ರಸ್ತೆಯ ಹೆಸರು ತನ್ನ ಕೈಯಲ್ಲಿದೆ ಎಂಬುದು ಅದರ ತರ್ಕ.

ಈ ಜಗಳ ಸರೋವರದ ದಡದಲ್ಲಷ್ಟೇ ಇರಲಿಲ್ಲ. ರಾಜ್ಯದ ಇತಿಹಾಸ ಸಂಸ್ಥೆ ಫೋರ್ಟ್ ಸ್ನೆಲಿಂಗ್‌ನ ಫಲಕಕ್ಕೆ ‘ಬ್ದೋಟೆಯಲ್ಲಿ’ ಎಂಬ ಒಂದು ಪದ ಸೇರಿಸಿತ್ತು. ಅದಕ್ಕೆ ಸಿಟ್ಟಾಗಿ 2019ರ ವಸಂತದಲ್ಲಿ ರಾಜ್ಯ ಸೆನೆಟ್ ಸಂಸ್ಥೆಯ ಅನುದಾನದಲ್ಲಿ 40 ಲಕ್ಷ ಡಾಲರ್ ಕಡಿತ ಪ್ರಸ್ತಾಪಿಸಿತು. ಕೋಟೆಯ ಹೆಸರನ್ನು ಯಾರೂ ತೆಗೆದಿರಲಿಲ್ಲ, ಅದು ಯಾವ ನೆಲದ ಮೇಲಿದೆ ಎಂದಷ್ಟೇ ಬರೆದಿದ್ದರು.

2020ರ ಮೇ 13ರಂದು ಮಿನೆಸೋಟಾ ಸರ್ವೋಚ್ಚ ನ್ಯಾಯಾಲಯ ಕೆಳಗಿನ ತೀರ್ಪನ್ನು ತಿರುವಿಹಾಕಿತು. 40 ವರ್ಷದ ತಡೆ ಇರುವುದು ಮತದಾರರ ಅರ್ಜಿಯ ಮೂಲಕ ಕೌಂಟಿ ನಡೆಸುವ ವಿಧಾನಕ್ಕೆ. ಆಯುಕ್ತರಿಗೆ ಬೇರೆ ಕಲಮಿನಲ್ಲಿ ಸ್ವಂತ ಅಧಿಕಾರವಿದೆ, ಅದಕ್ಕೆ ಆ ತಡೆ ತಾಗದು. ನ್ಯಾಯಾಲಯ ಕ್ಯಾಲ್ಹೂನ್‌ನ ಗುಣದೋಷಕ್ಕೂ ಹೋಗಲಿಲ್ಲ, ಡಕೋಟಾ ಇತಿಹಾಸಕ್ಕೂ ಹೋಗಲಿಲ್ಲ, ಕಲಮುಗಳನ್ನು ಓದಿ ಮುಗಿಸಿತು. ಬ್ದೆ ಮಕಾ ಸ್ಕಾ ಎಂಬುದು ರಾಜ್ಯದ ಲೆಕ್ಕಕ್ಕೂ ಮರಳಿತು. ಹನ್ನೆರಡು ದಿನ ಕಳೆದು ಅದೇ ನಗರದಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯ ಸತ್ತ. ಅದರ ಬೆನ್ನಿಗೆ ಎದ್ದ ಚಳವಳಿಯ ಬಿಸಿಯಲ್ಲಿ ಜೂನ್‌ನಲ್ಲಿ ಚಾರ್ಲ್ಸ್‌ಟನ್‌ನ ಕ್ಯಾಲ್ಹೂನ್ ಪ್ರತಿಮೆ ಕೆಳಗಿಳಿಯಿತು. ಸರೋವರದ ಹತ್ತಿರದ ‘ಕ್ಯಾಲ್ಹೂನ್ ಸ್ಕ್ವೇರ್’ ಎಂಬ ಮಾಲ್ ಕೂಡ ಅದೇ ವರ್ಷ ಹೆಸರು ಬದಲಿಸಿಕೊಂಡಿತು.

ಆಗ್ನೇಯ ದಡದಲ್ಲಿ, ಹಳ್ಳಿಯಿದ್ದ ಕಡೆ, 2019ರಿಂದ ಒಂದು ಕಲಾಕೃತಿಯಿದೆ. ಡಕೋಟಾ ಕಲಾವಿದೆಯರಾದ ಏಂಜೆಲಾ ಟೂ ಸ್ಟಾರ್ಸ್, ಮೋನಾ ಸ್ಮಿತ್ ಮತ್ತು ಅವರೊಡನೆ ಸ್ಯಾಂಡಿ ಸ್ಪೀಲರ್ ರೂಪಿಸಿದ್ದು.

ಬಾಕಿ ಉಳಿದದ್ದೂ ಬಹಳ. ರಮ್ ನದಿಯ ಹೆಸರು ಬದಲಿಸುವ ಪ್ರಯತ್ನಗಳು ದಡ ಮುಟ್ಟಿಲ್ಲ. ನಗರದ ನಡುವಿನ ಜಲಪಾತಕ್ಕೆ ಡಕೋಟಾ ಹೆಸರು ‘ಒವಾಮ್ನಿಯೊಮ್ನಿ’, ನಕ್ಷೆಯಲ್ಲಿ ಮಾತ್ರ 1680ರಲ್ಲಿ ಹೆನೆಪಿನ್ ಎಂಬ ಪಾದ್ರಿ ತನ್ನ ಸಂತನ ನೆನಪಿಗೆ ಇಟ್ಟ ಸೇಂಟ್ ಆಂಟನಿ ಜಲಪಾತವೇ. ದಕ್ಷಿಣಕ್ಕೆ ಸ್ವಲ್ಪ ನಡೆದರೆ ಸಿಗುವ ಪಕ್ಕದ ಸರೋವರ ಇಂದಿಗೂ ಹ್ಯಾರಿಯೆಟ್. ದಂಡನಾಯಕನ ಹೆಂಡತಿಯ ಮೇಲೆ ಯಾರಿಗೂ ದ್ವೇಷವಿಲ್ಲ, ಹಾಗಾಗಿ ಅದನ್ನು ಬದಲಿಸಲು ಅವಸರವೂ ಇಲ್ಲ. ಡಕೋಟಾ ಜನ ಅದನ್ನು ‘ಬ್ದೆ ಉಮಾನ್’ ಎನ್ನುತ್ತಿದ್ದರು. ಅರ್ಥ, ‘ಇನ್ನೊಂದು ಸರೋವರ’. ಪಕ್ಕದ ಬ್ದೆ ಮಕಾ ಸ್ಕಾದ ದಡದಲ್ಲಿ ನಿಂತು ನೋಡಿದವರು ಇಟ್ಟ ಹೆಸರು ಅದು.